ಓಡೋ ಲ್ಯಾಪ್‌ಟಾಪ್ ಗುಜರಿಗೆ ಯಾಕ ಹಾಕಬೇಕು?

ಅಕ್ಕಾರ, ತಂಗ್ಯಾರ, ಈ ಸಲ ಉಪ್ಪಿನಕಾಯಿ ಮಾತಲ್ಲ, ಲ್ಯಾಪ್‌ಟಾಪ್ ಮಾತು. ನಗಬ್ಯಾಡ್ರಿ. ಹೋದ ದೀಪಾವಳಿಯಿಂದ ಇಲ್ಲಿತನಕ ಒಂದೇ ಪ್ರಶ್ನಿ ಹತ್ತು ಮಂದಿ ಕೇಳ್ಯಾರ. ಲಿಂಗಸುಗೂರಿನ ನನ್ನ ನೆಗೆಣ್ಣಿ ಫೋನ್ ಮಾಡಿ ಕೇಳಿದ್ಲು, ನಮ್ಮ ಓಣಿ ಟೀಚರಮ್ಮ ಹಾಲು ತರಾಕ ಹೋದಾಗ ಕೇಳಿದ್ರು, ಒಂದು ಕುಬಸದ ಊಟದ ಸಾಲಿನ್ಯಾಗ ಸೈತ ಕೇಳಿದ್ರು: "ನಮ್ಮ ಲ್ಯಾಪ್‌ಟಾಪಿಗೆ ವಿಂಡೋಸ್ ಹತ್ತು ಮುಗೀತಂತ, ಹನ್ನೊಂದು ಕೂಡಂಗಿಲ್ಲಂತ. ಹೊಸಾದು ತಗೊಳ್ಳಾಕ ಬೇಕೇನು?"

ಒಬ್ಬೊಬ್ಬರಿಗೂ ಹೇಳಿ ಗಂಟ್ಲು ಆರೇತಿ, ಅದಕ್ಕ ಇಲ್ಲೇ ಬರದು ಇಡ್ತೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಾಳ ಮನಿಗಳಿಗೆ ಹೊಸಾದು ಬೇಕಾಗಿಲ್ಲ. ಯಾವ ಸಿಸ್ಟಮ್ಮು ಚಲೋ ಅಂತ ಕೇಳಾಕಿಂತ ಮೊದಲು, ನಮ್ಮ ಮನ್ಯಾಗ ಅದರ ಮ್ಯಾಲ ಏನು ಕೆಲಸ ನಡೀತೈತಿ ಅಂತ ಕೇಳ್ಕೋಬೇಕು. ಮತ್ತ ಯಾವುದೇ ಹಾಕ್ರಿ, ನಾವು ಬರದದ್ದು ಎಲ್ಲಿ ಬೇಕಾದ್ರೂ ತೆರೆಯುವಂಗ ಇರಬೇಕು. ಈ ಮೂರನೇದನ್ನ ನಾನು ಕಣ್ಣೀರು ಹಾಕಿ ಕಲ್ತೀನಿ, ಅದನ್ನೂ ಹೇಳ್ತೀನಿ.

ನಮ್ಮ ಲ್ಯಾಪ್‌ಟಾಪ್ 2016ರಾಗ ತಗೊಂಡದ್ದು. ಮಗನ ಓದಿಗಂತ ತಂದದ್ದು, ಅವ ಬೆಂಗಳೂರಿಗೆ ಹೋದ ಮ್ಯಾಲ ನನ್ನ ಪಾಲಿಗೆ ಬಂತು. ಅದರಾಗ ನಮ್ಮ ಮಹಿಳಾ ಸಂಘದ ಲೆಕ್ಕ ಐತಿ, ಗದ್ದಿಯ ಖರ್ಚು ಐತಿ, ಈ ಬರಹಗಳೂ ಅದಾವ. ಹೋದ ಅಕ್ಟೋಬರ್‌ನ್ಯಾಗ ಪರದಿ ಮ್ಯಾಲ ಒಂದು ಸೂಚನಾ ಬರಾಕ ಹತ್ತಿತು. ರಿಪೇರಿ ಅಂಗಡಿಗೆ ಒಯ್ದೆ. ಅಂಗಡ್ಯಾವ ತೆರೆದೂ ನೋಡಲಿಲ್ಲ. "ಇದು ಸತ್ತೈತ್ರಿ ಅಕ್ಕಾ, ಗುಜರಿಗೆ ಹಾಕ್ರಿ. ನಲವತ್ತು ಸಾವಿರಕ್ಕ ಹೊಸಾದು ಕೊಡ್ತೀನಿ, ಇಲ್ಲಾಂದ್ರ ಐನೂರು ಕೊಡ್ರಿ, ಕ್ರ್ಯಾಕ್ ಹಾಕಿ ಹನ್ನೊಂದು ಕುಂಡ್ರಸ್ತೀನಿ" ಅಂದ. ಆಗ ನಮ್ಮ ಕಡೆ ಡ್ಯಾಮಿನ ಗೇಟು ಬದಲಿ ಮಾಡಬೇಕು, ಎರಡನೇ ಬೆಳಿಗೆ ಕಾಲುವಿ ನೀರು ಬಿಡಂಗಿಲ್ಲ ಅನ್ನೋ ಮಾತು ನಡದಿತ್ತು. ಭತ್ತ ನಂಬಿದ ಮನ್ಯಾಗ ಅಂಥಾ ಹೊತ್ತಿನ್ಯಾಗ ನಲವತ್ತು ಸಾವಿರ ಎಲ್ಲಿಂದ ತರೋದು? ಬಟನ್ ಒತ್ತಿದ್ರ ಚಾಲೂ ಆಗೋ ಮಷೀನು ಸತ್ತೈತಿ ಅಂದ್ರ ಹ್ಯಾಂಗ ನಂಬೋದು?

ಹಂಗಾದ್ರ ಮುಗಿದದ್ದು ಏನು? ಅದು ಮೊದಲು ತಿಳಕೋಬೇಕು.

ಲ್ಯಾಪ್‌ಟಾಪ್ ಅಂದ್ರ ಮನಿ ಅಂತ ತಿಳೀರಿ. ಆಪರೇಟಿಂಗ್ ಸಿಸ್ಟಮ್ಮು ಅಂದ್ರ ಆ ಮನಿಯ ಅಡಗಿಮನಿ ಜೋಡಣಿ. ಒಲಿ ಎಲ್ಲಿ, ನೀರು ಎಲ್ಲಿಂದ, ಉಪ್ಪಿನ ಡಬ್ಬಿ ಯಾವ ಮಾಡದಾಗ, ಬಾಗಲಕ ಕೀಲಿ ಹ್ಯಾಂಗ, ಇದೆಲ್ಲಾ ಅದೇ ನೋಡ್ಕೊಂತೈತಿ. ನಾವು ಬರಿಯೋದು, ಲೆಕ್ಕ ಮಾಡೋದು, ಫೋಟೋ ನೋಡೋದು ಅಡಗಿ ಇದ್ದಂಗ. ಅಡಗಿ ಯಾವ ಅಡಗಿಮನ್ಯಾಗಾದ್ರೂ ಆಗ್ತೈತಿ, ಜೋಡಣಿ ಬ್ಯಾರೆ ಬ್ಯಾರೆ, ಅಷ್ಟೇ.

ವಿಂಡೋಸ್ ಮೈಕ್ರೋಸಾಫ್ಟ್ ಕಂಪನಿದು. ಅದರ ಹತ್ತನೇ ಆವೃತ್ತಿ 2015ರ ಜುಲೈದಾಗ ಬಂತು. 2025ರ ಅಕ್ಟೋಬರ್ 14ಕ್ಕ ಅದರ ಉಚಿತ ರಿಪೇರಿ ನಿಲ್ಲಿಸ್ಯಾರ. ಅಂದ್ರ ಆ ದಿನದಿಂದ ಮಷೀನು ಬಂದ್ ಆಗ್ತೈತಿ ಅಂತಲ್ಲ. ಬಾಗಲದ ಕೀಲಿಗೆ ಏನರ ಸಡಿಲ ಆದ್ರ ಬಂದು ಬಿಗಿ ಮಾಡೋ ಬಡಿಗ್ಯಾ ಇನ್ನ ಬರಂಗಿಲ್ಲ ಅಂತ. ಮನ್ಯಾಗ ಇರಬಹುದು, ಆದ್ರ ಕಳ್ಳರು ಹೊಸಾ ದಾರಿ ಹುಡುಕಿದ್ರ ತಡಿಯೋರಿಲ್ಲ. ಬ್ಯಾಂಕು, ಫೋನ್‌ಪೇ ಪಾಸ್‌ವರ್ಡು, ಸಂಘದ ಹೆಣ್ಮಕ್ಕಳ ಆಧಾರ್ ನಂಬರ್ ಇಟ್ಟ ಮಷೀನಿಗೆ ಅದು ಸಣ್ಣ ಮಾತಲ್ಲ.

ವಿಂಡೋಸ್ ಹನ್ನೊಂದು 2021ರಾಗ ಬಂತು. ಅದಕ್ಕ 4 ಜಿಬಿ ರ‍್ಯಾಮು, 64 ಜಿಬಿ ಜಾಗ, ಟಿಪಿಎಂ 2.0 ಅನ್ನೋ ಒಂದು ಭದ್ರತಾ ಚಿಪ್ಪು ಬೇಕು. ಇಂಟೆಲ್‌ದಾಗ ಹೆಚ್ಚೂಕಡಿಮಿ ಎಂಟನೇ ಪೀಳಿಗಿ ಪ್ರೊಸೆಸರ್‌ನಿಂದ ಈಚಿನವು ಮಾತ್ರ ಅದಕ್ಕ ಒಪ್ಪಿಗಿ. ನನ್ನದು ಆರನೇದು. ಮಷೀನಿಗೆ ಶಕ್ತಿ ಇಲ್ಲಂತಲ್ಲ, ಯಾದ್ಯಾಗ ಹೆಸರಿಲ್ಲ, ಅಷ್ಟೇ. ರೇಷನ್ ಅಂಗಡ್ಯಾಗ ಬೆಳ್ಳಚ್ಚು ಕೂಡಲಿಲ್ಲಂದ್ರ ಮನಿಷಾ ಎದುರಿಗೆ ನಿಂತ್ರೂ ಅಕ್ಕಿ ಕೊಡಂಗಿಲ್ಲಲ್ಲ, ಹಂಗ.

ಆಗ ನನ್ನ ಮುಂದ ನಾಕು ದಾರಿ ಇದ್ವು. ಹೊಸಾದು ತಗೊಳ್ಳೋದು ಒಂದು. ಐನೂರು ರೂಪಾಯಿ ಕ್ರ್ಯಾಕು ಎರಡು. ಇದನ್ನ ಮಾತ್ರ ಯಾರೂ ಮಾಡಬ್ಯಾಡ್ರಿ. ಕಳ್ಳತನ ಅನ್ನೋದು ಒಂದು ಕಡೆ ಇರಲಿ, ಕೀಲಿ ಮುರದು ಒಳಗ ಬಿಟ್ಟಾವಗ ಒಳಗ ಏನೇನು ಇಟ್ಟು ಹೋದ ಅಂತ ನಮಗ ಹ್ಯಾಂಗ ಗೊತ್ತಾಗಬೇಕು? ಮೂರನೇದು, ಮೈಕ್ರೋಸಾಫ್ಟ್‌ನವರು ಮನಿ ಬಳಕಿಯವರಿಗೆ ಕೊಟ್ಟ ಒಂದು ವರ್ಷದ ವಾಯಿದೆ. ಹತ್ತನೇದಕ್ಕ 2026ರ ಅಕ್ಟೋಬರ್ 13ರ ತನಕ ಭದ್ರತಾ ರಿಪೇರಿ ಸಿಗ್ತೈತಿ, ಅದಕ್ಕ ಮೈಕ್ರೋಸಾಫ್ಟ್ ಖಾತಿಯಿಂದ ಹೆಸರು ಹಚ್ಚಬೇಕು. ನಾಕನೇದು ಲಿನಕ್ಸ್. ಆಪಲ್‌ನ ಮ್ಯಾಕ್ ಈ ಲೆಕ್ಕದಾಗ ಬರಂಗಿಲ್ಲ. ಅದು ಅವರ ಮಷೀನಿಗೆ ಮಾತ್ರ, ನಮ್ಮ ಹಳೇ ಲ್ಯಾಪ್‌ಟಾಪಿಗೆ ಅಲ್ಲ.

ಲಿನಕ್ಸ್ ಅಂದಕೂಡ್ಲೆ "ಅದು ಎಂಜಿನಿಯರ್‌ದವರ ಕೆಲಸ" ಅಂತಾರ. ನಿಮ್ಮ ಕೈಯಾಗಿನ ಆಂಡ್ರಾಯ್ಡ್ ಫೋನಿನ ಒಳಗಿನ ತಿರುಳು ಲಿನಕ್ಸೇ ಐತಿ. ದಿನಾ ಅದರ ಮ್ಯಾಲೇ ವಾಟ್ಸಾಪ್ ನೋಡ್ತೀರಿ, ಮೊಮ್ಮಗನ ಮುಖ ನೋಡ್ತೀರಿ. 1991ರಾಗ ಫಿನ್‌ಲ್ಯಾಂಡಿನ ಲೀನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ ಓದಿನ ದಿನದಾಗ ಶುರು ಮಾಡಿದ್ದು. ಬ್ಯಾರೆಯವರೂ ಕೈ ಹಚ್ಚಲಿ ಅಂತ ಎಲ್ಲರಿಗೂ ತೆರೆದಿಟ್ಟ. ಅಮ್ಮನ ಕೈಯಾಗಿನ ಮಸಾಲಿ ಪುಡಿ ಲೆಕ್ಕ ಓಣಿಗೆಲ್ಲಾ ಹೇಳಿದಂಗ. ಅದಕ್ಕೇ ಅದರಾಗ ಉಬುಂಟು, ಮಿಂಟ್, ಡೆಬಿಯನ್ ಅಂತ ಹತ್ತಾರು ನಮೂನಿ ಅದಾವ. ಪುಡಿ ಒಂದೇ, ಮನಿ ಮನಿಗೆ ರುಚಿ ಬ್ಯಾರೆ.

ನನ್ನ ತಮ್ಮನ ಮಗಳು ಮಸ್ಕ್ಯಾಗ ಇರ್ತಾಳ, ಬಿಸಿಎ ಓದ್ತಾಳ. ಆಕಿ ಬಂದು ಒಂದು ಪೆನ್‌ಡ್ರೈವ್ ಹಚ್ಚಿ "ಅತ್ತಿ, ಮೊದಲು ಇದರಿಂದ ನೋಡು, ಮಷೀನಿನ ಒಳಗ ಏನೂ ಮುಟ್ಟಂಗಿಲ್ಲ" ಅಂದ್ಲು. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಮಿಂಟ್ ಚಾಲೂ ಆತು. ವೈಫೈ ಬಂತು, ದನಿ ಬಂತು, ಪರದಿ ಬೆಳಕು ಹೆಚ್ಚು ಕಡಿಮಿ ಆತು. ಸೀರಿ ಉಡೋಕಿಂತ ಮೊದಲು ಮೈಮ್ಯಾಲ ಹಿಡದು ನೋಡಿದಂಗ. ಒಪ್ಪಿಗಿ ಆದ ಮ್ಯಾಲ ನನ್ನ ಕಡತ ಎಲ್ಲಾ ಎರಡು ಪೆನ್‌ಡ್ರೈವ್‌ಗೆ ನಕಲು ತಗೊಂಡು ಒಳಗ ಹಾಕಿದ್ಲು. ರೊಟ್ಟಿ ಬಡಿಯೋದು ಮುಗಿಯೋದ್ರಾಗ ಕೆಲಸ ಮುಗೀತು. ರೊಕ್ಕ ಏನೂ ಇಲ್ಲ. ಈ ಆವೃತ್ತಿಗೆ 2029ರ ತನಕ ರಿಪೇರಿ ಐತಿ.

ಆಮ್ಯಾಲ ಹದಿನೈದು ದಿನ ಏನಾತಂದ್ರ, ಹೊಸಾ ಸೊಸಿ ಗಂಡನ ಮನಿ ಅಡಗಿಮನ್ಯಾಗ ಉಪ್ಪು ಹುಡುಕಿದಂಗ ಆತು. ಅಡಗಿ ಬರ್ತೈತಿ, ಡಬ್ಬಿ ಸಿಗವಲ್ದು. ಕಡತ ಎಲ್ಲಿ ಉಳೀತು, ಫೋಟೋ ಎಲ್ಲಿ ಹೋತು ಅಂತ ಹುಡುಕಿ ಹುಡುಕಿ ಸಿಟ್ಟು ಬಂತು. ನಮ್ಮ ಹಳೇ ಪ್ರಿಂಟರ್ ಮೂರು ದಿನ ಮಾತು ಕೇಳಲಿಲ್ಲ, ಮಸ್ಕಿಯಿಂದ ಹುಡುಗಿ ವಿಡಿಯೋ ಕಾಲ್ ಮಾಡಿ ಸರಿ ಮಾಡಿಸಿದ್ಲು. ಇದನ್ನ ಮುಚ್ಚಿಡಂಗಿಲ್ಲ. ಲಿನಕ್ಸ್ ಹೊಗಳೋ ಮಂದಿ "ಪುಕ್ಕಟ, ಪುಕ್ಕಟ" ಅಂತ ಕುಣೀತಾರ. ಪುಕ್ಕಟ ಹೌದು, ಆದ್ರ ಕೇಳಾಕ ಒಬ್ಬರು ಬೇಕು. ನನಗ ತಮ್ಮನ ಮಗಳಿದ್ಲು. ಯಾರೂ ಇಲ್ಲದ ಮನಿಗೆ ಹೋಗಿ "ಹಾಕ್ಕೊಳ್ರಿ" ಅಂತ ಹೇಳಿ ಬರೋದು ತಪ್ಪು.

ಆದ್ರ ಹದಿನಾರನೇ ದಿನದಿಂದ ಸಲೀಸಾತು. ಮೊದಲು ಮಷೀನು ಚಾಲೂ ಆಗೋದ್ರಾಗ ಚಾ ಕುದ್ದು ಆರ್ತಿತ್ತು, ಈಗ ಹಾಲು ಕಾಯೋದ್ರಾಗ ತಯಾರು. ಸಂಘದ ಲೆಕ್ಕ ಲಿಬ್ರೆಆಫೀಸ್‌ದಾಗ ಮಾಡ್ತೀನಿ, ಎಕ್ಸೆಲ್ ಕಡತ ಹಂಗೇ ತೆರಕೊಂಡ್ವು. ವರ್ಡ್ ಕಡತದಾಗ ಒಂದೊಂದು ಕಡೆ ಸಾಲು ಹಿಂದಮುಂದ ಆಗ್ತಾವ, ಕೋಷ್ಟಕ ಸರೀತಾವ. ಹೊರಗ ಕೊಡೋದಿದ್ರ ಪಿಡಿಎಫ್ ಮಾಡಿ ಕೊಡ್ತೀನಿ. ಕನ್ನಡ ಬರಿಯಾಕ ಕೀಲಿಮಣಿ ಪಟ್ಟಿಯೊಳಗ "ಕಗಪ" ಅಂತ ಒಂದು ಆಯ್ಕೆ ಐತಿ. ಕಗಪ ಅಂದ್ರ ಕನ್ನಡ ಗಣಕ ಪರಿಷತ್ತು, ನುಡಿ ತಂತ್ರಾಂಶ ಮಾಡಿದವರು. ನುಡಿ ರೂಢಿ ಇದ್ದವರಿಗೆ ಬೆರಳು ಹೆಚ್ಚೂಕಡಿಮಿ ಅದೇ ಜಾಗಕ್ಕ ಹೋಗ್ತಾವ. ವಿಂಡೋಸಿನ್ಯಾಗೂ ಕನ್ನಡಕ್ಕ ಕೊರತಿ ಇಲ್ಲ, ನ್ಯಾಯವಾಗಿ ಹೇಳಬೇಕು. ಎಕ್ಸ್‌ಪಿ ಕಾಲದಿಂದ ಅದರಾಗ ಕನ್ನಡದ ಅಕ್ಷರರೂಪ ಐತಿ. ಅದರ ಹೆಸರು "ತುಂಗಾ". ನಮ್ಮ ಕಾಲುವಿಗೆ ಬರೋ ನೀರಿನ ಹೆಸರೇ ಅಲ್ಲೂ ಐತಿ ಅಂತ ಗೊತ್ತಾದ ದಿನ ನನಗ ಖುಷಿ ಆಗಿತ್ತು.

ಈಗ ಕಣ್ಣೀರಿನ ಮಾತಿಗೆ ಬರ್ತೀನಿ.

ನಮ್ಮವ್ವ ಮಸ್ಕಿಯವಳು. ಆಕಿಗೆ ಬೀಸೋ ಪದ, ಸೋಬಾನ ಪದ, ತೊಟ್ಟಿಲ ಪದ ಬಾಳ ಬರ್ತಿದ್ವು. 2009ರಾಗ ಆಕಿ ಹಾಡಿದಂಗ ನಾನು ಒಂದೊಂದೇ ಕಂಪ್ಯೂಟರಿಗೆ ಹಾಕಿದ್ದೆ, ಅರವತ್ಮೂರು ಪದ. 2013ರಾಗ ಅವ್ವ ಹೋದ್ಲು. ಹಾಡಿದ್ದನ್ನ ರೆಕಾರ್ಡ್ ಮಾಡಿರಲಿಲ್ಲ, ಬರದದ್ದು ಐತಲ್ಲ ಅಂತ ಧೈರ್ಯ. ಮಿಂಟ್ ಹಾಕಿದ ಮ್ಯಾಲ ಆ ಕಡತ ತೆರದೆ. ಒಂದು ಅಕ್ಷರ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರಕ್ಕ ಮ್ಯಾಲ ಗೆರಿ, ಕೆಳಗ ಬಾಲ, ನಡುವ ಪೌಂಡಿನ ಗುರ್ತು, ಹಂಗ ಪುಟಗಟ್ಟಲೆ. ನನ್ನ ಎದಿ ಧಸಕ್ಕಂತು. "ಹಳೇದೇ ಇಟ್ಕೊಂಡಿದ್ರ ಏನಾಗ್ತಿತ್ತು" ಅಂತ ಮನ್ಯಾಗ ಎಲ್ಲರೂ ಅಂದ್ರು. ನಾನೂ ಲಿನಕ್ಸಿಗೆ ಶಾಪ ಹಾಕಿದೆ.

ಮರುದಿನ ಪೆನ್‌ಡ್ರೈವ್ ತಗೊಂಡು ಟೀಚರಮ್ಮನ ಮನಿಗೆ ಹೋದೆ. ಅವರದು ಹೊಸಾ ಮಷೀನು, ವಿಂಡೋಸ್ ಹನ್ನೊಂದು. ಅಲ್ಲೂ ಅದೇ ಗೀಚು! ಆಗ ತಿಳೀತು, ತಪ್ಪು ಸಿಸ್ಟಮ್ಮಿಂದಲ್ಲ.

ಯುನಿಕೋಡ್ ಬಳಕಿಗೆ ಬರೋಕಿಂತ ಮೊದಲು ಕನ್ನಡ ಬರಿಯೋ ತಂತ್ರಾಂಶಗಳು ಒಂದು ಉಪಾಯ ಮಾಡಿದ್ವು. ಒಳಗ ಇಂಗ್ಲಿಷಿನ ಅಕ್ಷರ, ಗುರ್ತುಗಳ ನಂಬರ್ರೇ ಇರ್ತಿದ್ವು, ಅಕ್ಷರರೂಪ ಮಾತ್ರ ಅದರ ಮ್ಯಾಲ ಕನ್ನಡದ ಚಿತ್ರ ತೋರಿಸ್ತಿತ್ತು. ಬಯಲಾಟದ ವೇಷ ಇದ್ದಂಗ. ವೇಷ ಇರೋ ತನಕ ಭೀಮ, ಕಿರೀಟ ತಗದ್ರ ನಮ್ಮ ಓಣಿ ಪಕೀರಪ್ಪ. ನನ್ನ ಹಳೇ ಮಷೀನಿನ್ಯಾಗ ಆ ಅಕ್ಷರರೂಪ ಇತ್ತು, ಹೊಸಾದ್ರಾಗ ಇರಲಿಲ್ಲ, ವೇಷ ಕಳಚಿತು. ಆ ಕಾಲಕ್ಕ ಅದೇ ದಾರಿ ಇತ್ತು, ಆ ತಂತ್ರಾಂಶದವರು ಇಲ್ಲದಿದ್ರ ನಾವು ಕನ್ನಡ ಬರಿತಿದ್ದೇ ಇಲ್ಲ, ಅವರನ್ನ ಬೈಯಂಗಿಲ್ಲ. ಯುನಿಕೋಡಿನ್ಯಾಗ ಮಾತ್ರ "ಕ" ಅಂದ್ರ "ಕ"ಕ್ಕಂತಲೇ ಒಂದು ನಂಬರ್ ಐತಿ. ವಿಂಡೋಸ್, ಲಿನಕ್ಸ್, ಫೋನು, ಎಲ್ಲಾ ಕಡೆ ಅದೇ. ನೀವು ವಾಟ್ಸಾಪಿನ್ಯಾಗ ಕಳಸೋ ಕನ್ನಡ ಅದೇ ನಮೂನಿದು.

ನಮ್ಮ ಮಸ್ಕಿ ಗುಡ್ಡದ ಕಲ್ಲು ನೆನಪಾತು ನನಗ. ಸಣ್ಣಾಕಿದ್ದಾಗ ಶಾಲಿಯಿಂದ ಕರಕೊಂಡು ಹೋಗಿ ತೋರಿಸಿದ್ರು. ಅಶೋಕನ ಶಾಸನ, ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೇದು. 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. "ದೇವಾನಂಪ್ರಿಯ" ಅನ್ನೋ ಬಿರುದಿನ ರಾಜ ಅಶೋಕನೇ ಅಂತ ಹೆಸರು ಸಮೇತ ಹೇಳಿದ ಮೊದಲ ಕಲ್ಲು ಅದು. ಆದ್ರ ಆ ಕಲ್ಲಿನ ಸುತ್ತ ಎಷ್ಟು ತಲಿ ಕುರಿ ಕಾಯ್ದು ಹೋಗ್ಯಾವೋ, ಅಕ್ಷರ ಕಣ್ಣ ಮುಂದ ಇದ್ರೂ ಓದೋರು ಇರಲಿಲ್ಲ. ಬ್ರಾಹ್ಮಿ ಲಿಪಿ ಓದೋ ವಿದ್ಯಾ ಮರ್ತು ಹೋಗಿತ್ತು, 1837ರಾಗ ಜೇಮ್ಸ್ ಪ್ರಿನ್ಸೆಪ್ ಅದನ್ನ ಬಿಡಿಸಿದ ಮ್ಯಾಲೆ ಇಂಥಾ ಕಲ್ಲುಗಳು ಮಾತಾಡಿದ್ವು. ಅವ್ವನ ಪದಗಳೂ ಹಂಗೇ ಆಗಿದ್ವು. ಇದ್ವು, ಓದಾಕ ಬರ್ತಿರಲಿಲ್ಲ.

ಪುಣ್ಯಾಕ ನನಗ ಪ್ರಿನ್ಸೆಪ್ ಬೇಕಾಗಲಿಲ್ಲ. ಹಳೇ ಅಕ್ಷರವನ್ನ ಯುನಿಕೋಡಿಗೆ ತಿರುಗಿಸೋ ಪರಿವರ್ತಕಗಳು ಅದಾವ. ತಮ್ಮನ ಮಗಳು ಹಾಕಿ ಕೊಟ್ಲು. ಅರವತ್ಮೂರೂ ಪದ ಕನ್ನಡ ಆದ್ವು. ಕೆಲವು ಕಡೆ ಒತ್ತಕ್ಷರ ಎಡವಿದ್ವು, ಅರ್ಕಾವತ್ತು ಬ್ಯಾರೆ ಕಡೆ ಕುಂತಿತ್ತು. ಅವನ್ನ ನಮ್ಮ ಚಿಗವ್ವಗ ಫೋನ್ ಹಚ್ಚಿ ಕೇಳಿ ಕೇಳಿ ತಿದ್ದಿದೆ. ಚಿಗವ್ವ ಹೇಳೋದು ಬಿಟ್ಟು ಹಾಡಾಕೇ ಶುರು ಮಾಡಿದ್ಲು. ಈ ಸಲ ರೆಕಾರ್ಡೂ ಮಾಡೀನಿ. ಇನ್ನ ಹತ್ತು ವರ್ಷ ತಡ ಮಾಡಿದ್ರ ತಿದ್ದಾಕ ಚಿಗವ್ವನೂ ಇರ್ತಿದ್ಲೋ ಇಲ್ಲೋ.

ಅದಕ್ಕ ಅನ್ನೋದು, ವಿಂಡೋಸ್ ಚಲೋನೋ ಲಿನಕ್ಸ್ ಚಲೋನೋ ಅನ್ನೋ ಜಗಳಕ್ಕಿಂತ ದೊಡ್ಡ ಮಾತು ಇದು. ಮನಿ ಬದಲಿ ಆಗ್ತಾವ, ಒಲಿ ಬದಲಿ ಆಗ್ತಾವ. ನಮ್ಮ ಕಾಳು ಯಾವ ಡಬ್ಬ್ಯಾಗ ಹಾಕಿದ್ರೂ ಕಾಳಾಗೇ ಇರಬೇಕು.

ಹಂಗಂತ ಎಲ್ಲರಿಗೂ ಲಿನಕ್ಸ್ ಹಾಕ್ರಿ ಅಂತ ನಾನು ಹೇಳಂಗಿಲ್ಲ. ಲಿಂಗಸುಗೂರಿನ ನೆಗೆಣ್ಣಿಗೆ "ನೀನು ವಿಂಡೋಸ್ ಬಿಡಬ್ಯಾಡವ್ವ" ಅಂತಲೇ ಹೇಳೀನಿ. ನಮ್ಮ ಮೈದುನ ಅಂಗಡಿಗಳ ಲೆಕ್ಕ ಬರೀತಾನ, ಆಕಿ ಕೂಡ ಕುಂತು ಮಾಡ್ತಾಳ. ಟ್ಯಾಲಿ ವಿಂಡೋಸಿಗಂತ ಮಾಡಿದ್ದು. ಜಿಎಸ್‌ಟಿ ಕೆಲಸದ ಡಿಜಿಟಲ್ ಸಹಿ ಟೋಕನ್ನೂ ಅಲ್ಲೇ ಸಲೀಸು. ಲಿನಕ್ಸಿನ್ಯಾಗ ಅದನ್ನ ಒದ್ದಾಡಿ ಓಡಸ್ತಾರಂತ, ಆದ್ರ ಮಂದಿ ರೊಕ್ಕದ ಲೆಕ್ಕದಾಗ ಒದ್ದಾಟ ಯಾಕ ಬೇಕು? ಅವರು ಒಂದು ವರ್ಷದ ವಾಯಿದೆ ತಗೊಂಡಾರ. ಅಷ್ಟರಾಗ ರೊಕ್ಕ ಕೂಡಿಸಿ ಅಂಗಡಿ ಮಷೀನು ಹೊಸಾದು ಮಾಡ್ತಾರ. ಹಳೇದನ್ನ ಗುಜರಿಗೆ ಕೊಡಬ್ಯಾಡ, ಮಿಂಟ್ ಹಾಕಿ ಮಕ್ಕಳಿಗೆ ಕೊಡು ಅಂದೀನಿ.

ಮಕ್ಕಳ ಮಾತು ಬಂದಾಗ ಎಲ್ಲಾ ತಾಯಂದ್ರಿಗೂ ಒಂದೇ ಅಂಜಿಕಿ. "ಆಫೀಸಿನ್ಯಾಗ ಎಲ್ಲಾ ವಿಂಡೋಸ್ ಇರ್ತೈತಿ, ಇದನ್ನ ಕಲ್ತು ನೌಕರಿ ಹ್ಯಾಂಗ?" ಅಂತ ತಮ್ಮನ ಹೆಂಡ್ತಿಯೂ ಕೇಳಿದ್ಲು. ಮಗಳೇ ಉತ್ತರ ಕೊಟ್ಲು. ದೊಡ್ಡ ದೊಡ್ಡ ವೆಬ್‌ಸೈಟು ನಡೆಸೋ ಸರ್ವರುಗಳ ಒಳಗ ಹೆಚ್ಚಿನವು ಲಿನಕ್ಸೇ ಅಂತ. ಆಕಿ ತನ್ನ ಮಷೀನಿನ್ಯಾಗ ಎರಡೂ ಇಟ್ಕೊಂಡಾಳ, ಚಾಲೂ ಮಾಡುವಾಗ ಯಾವುದು ಬೇಕು ಅಂತ ಕೇಳ್ತೈತಿ. ಇನ್ನ ನೌಕರಿ ಮಾತು ಬಿಟ್ಟು ಶಾಲಿ ಮಾತು ನೋಡ್ರಿ. ಕೇರಳದ ಸರಕಾರಿ ಶಾಲಿಗಳಾಗ ಕೈಟ್ ಅನ್ನೋ ಸಂಸ್ಥಾದವರು ತಾವೇ ಒಂದು ಲಿನಕ್ಸ್ ನಮೂನಿ ತಯಾರು ಮಾಡಿ ಹಾಕ್ಯಾರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪುಸ್ತಕ ಹಿಡಕೊಂಡು ಅದರ ಮ್ಯಾಲೇ ಕಲೀತಾರ. ನಮ್ಮ ರಾಜ್ಯದಾಗೂ ಟಾಲ್ಪ್ ತರಬೇತ್ಯಾಗ ಸರಕಾರಿ ಪ್ರೌಢಶಾಲಿ ಮೇಷ್ಟ್ರಿಗೆ ಉಬುಂಟು ಕಲಿಸ್ಯಾರ. ಕಾಸರಗೋಡಿನ ಕೂಸಿಗೆ ಬರೋದು ಸಿಂಧನೂರಿನ ಕೂಸಿಗೆ ಬರಂಗಿಲ್ಲೇನು? ಒಂದು ಸೈಕಲ್ ಕಲ್ತವರಿಗೆ ಇನ್ನೊಂದು ಕಂಪನಿ ಸೈಕಲ್ ಏನು ಕಷ್ಟ?

ಕಡೀಗೆ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ನಮ್ಮ ಮನಿಗಳಾಗ ಲ್ಯಾಪ್‌ಟಾಪ್ ಅಂದ್ರ ಗಂಡಸರ ಸಾಮಾನು ಅಂತಲೇ ಲೆಕ್ಕ. ತಗೊಳ್ಳುವಾಗ ನಮ್ಮನ್ನ ಕೇಳಂಗಿಲ್ಲ, ಒಗೆಯುವಾಗಲೂ ಕೇಳಂಗಿಲ್ಲ. ಆದ್ರ ಒಳಗ ಇರೋದು ಯಾರದು? ಸಂಘದ ಲೆಕ್ಕ ನಮ್ಮದು, ಮಕ್ಕಳ ಫೋಟೋ ನಾವು ಜೋಪಾನ ಮಾಡಿದ್ದು, ಅವ್ವನ ಪದ ನಮ್ಮದು. ಅಂಗಡ್ಯಾವ "ಸತ್ತೈತಿ" ಅಂದಾಗ ನಾನೂ ಒಂದು ಗಳಿಗಿ ಹೂಂ ಅನ್ನೋದ್ರಾಗ ಇದ್ದೆ. ಹೂಂ ಅಂದಿದ್ರ ಅರವತ್ಮೂರು ಪದ ಗುಜರಿ ತಕ್ಕಡ್ಯಾಗ ಹೋಗಿರ್ತಿದ್ವು, ಯಾರಿಗೂ ಗೊತ್ತೂ ಆಗ್ತಿರಲಿಲ್ಲ.

ಹಿಂಗಾಗಿ ಈ ವಾರ ಒಂದು ಕೆಲಸ ಮಾಡ್ರಿ. ಮೊದಲು ಎಲ್ಲಾ ಕಡತ ಪೆನ್‌ಡ್ರೈವ್‌ಗೆ ನಕಲು ತಗೀರಿ. ಹಳೇ ಕನ್ನಡ ಕಡತ ಇದ್ರ ನಿಮ್ಮ ಫೋನಿಗೆ ಕಳಿಸಿ ತೆರದು ನೋಡ್ರಿ. ಕನ್ನಡ ಕಂಡ್ರ ಚಿಂತಿಲ್ಲ, ಗೀಚು ಕಂಡ್ರ ಈಗಲೇ ತಿರುಗಿಸಿಟ್ಕೊಳ್ರಿ. ಟ್ಯಾಲಿ, ಸಹಿ ಟೋಕನ್ ಇದ್ದವರು ವಿಂಡೋಸಿನ್ಯಾಗೇ ಇರ್ರಿ, ಅಕ್ಟೋಬರ್ 13 ನೆನಪಿಟ್ಕೊಳ್ರಿ. ಬರೀ ಬರಿಯೋದು, ಲೆಕ್ಕ, ಇಂಟರ್ನೆಟ್ಟು ಇದ್ದವರು ಪೆನ್‌ಡ್ರೈವ್‌ನಿಂದ ಮಿಂಟ್ ಒಮ್ಮೆ ಚಾಲೂ ಮಾಡಿ ನೋಡ್ರಿ. ಒಗ್ಗಲಿಲ್ಲಂದ್ರ ಪೆನ್‌ಡ್ರೈವ್ ತಗದುಬಿಡ್ರಿ, ಏನೂ ಹೋಗಂಗಿಲ್ಲ.

ಬರೋ ಐತವಾರ ತಮ್ಮನ ಮಗಳು ಸಿಂಧನೂರಿಗೆ ಬರ್ತಾಳ. ಓಣಿಯವರು ಲ್ಯಾಪ್‌ಟಾಪ್ ತಗೊಂಡು ನಮ್ಮ ಮನಿಗೆ ಬರ್ರಿ. ಚಾರ್ಜರ್ ಮರೀಬ್ಯಾಡ್ರಿ. ಮಂಡಾಳ ಒಗ್ಗರಣಿ, ಮಿರ್ಚಿ ಮಾಡ್ತೀನಿ.